ಹೆಣ್ಣು ನೋಡಲು ಬಂದು ಮೇವು ನೋಡಿದ ಅತ್ತೆ

ನಮ್ಮತ್ತೆ ನನ್ನನ್ನು ನೋಡಿ ಮೆಚ್ಚಿ ಸೊಸೆ ಮಾಡಿಕೊಂಡರು ಎಂದು ಯಾರಾದರೂ ತಿಳಿದಿದ್ದರೆ ಅದು ಶುದ್ಧ ತಪ್ಪು! ಅವರು ಮೆಚ್ಚಿದ್ದು ನಮ್ಮ ಹಿತ್ತಲಿನ ಶೇಂಗಾ ಬಳ್ಳಿಯ ಬಣವೆಯನ್ನು.

ದಢೇಸುಗೂರಿನಿಂದ ಪಾಮನಕಲ್ಲೂರಿಗೆ ಹೆಣ್ಣು ನೋಡಲು ಬಂದವರು ನನ್ನ ಹೆಸರು ಕೇಳಲಿಲ್ಲ, ಅಡುಗೆ ಬರುತ್ತದೆಯೇ ಎನ್ನಲಿಲ್ಲ. ಉಪ್ಪಿಟ್ಟಿನ ತಾಟು ಹಿಡಿದು ಅಪ್ಪನನ್ನು ಕೇಳಿದರು: “ಶೇಂಗಾ ಕಿತ್ತ ಮ್ಯಾಲೆ ಬಳ್ಳಿ ಏನ್ ಮಾಡ್ತೀರ್ರಿ?”

“ಒಲಿಗೆ ಹಾಕ್ತೀವ್ರಿ,” ಎಂದ ಅಪ್ಪ, ಬಹಳ ಹೆಮ್ಮೆಯಿಂದ.

ಅತ್ತೆ ತಾಟು ಕೆಳಗಿಟ್ಟರು. “ದನದ ಬಾಯಾಗಿನ ತುತ್ತು ಒಲಿಗಿಡೋ ಮನಿ ಹೆಣ್ಣು ನಮಗ ಬ್ಯಾಡ್ರಿ. ಬರ್ತೀವಿ.”

ಬಾಗಿಲ ಹಿಂದಿದ್ದ ನನಗೆ ತಡೆಯಲಾಗಲಿಲ್ಲ. “ಅಪ್ಪಗ ಗೊತ್ತಿಲ್ರಿ! ದಿನಾ ಕದ್ದು ನಾನು ಆಕಳ ಕರಕ್ಕ ಹಾಕ್ತೀನ್ರಿ!”

ಅತ್ತೆ ಕುಳಿತರು. ತಾಟು ಎತ್ತಿಕೊಂಡರು. “ಮುಹೂರ್ತ ಯಾವಾಗ ಇಡೂನ್ರಿ?”

ಗಂಡನ ಮನೆಗೆ ಬಂದ ಮೇಲೆ ಸಂಗತಿ ತಿಳಿಯಿತು. ಕಾಲುವೆ ನೀರು ಬಂದಿತ್ತು, ಜೋಳದ ಹೊಲಗಳೆಲ್ಲ ನೆಲ್ಲಿನ, ಅಂದರೆ ಭತ್ತದ, ಗದ್ದೆಗಳಾಗಿದ್ದವು. ಮನುಷ್ಯರಿಗೆ ಅನ್ನ ಬಂತು, ಸರಿ. ದನಕ್ಕೆ ಜೋಳದ ಸೊಪ್ಪೆ ಎಲ್ಲಿಂದ ಬರಬೇಕು? ಹಟ್ಟಿಯಲ್ಲಿದ್ದ ಎರಡು ಹೋರಿಗರುಗಳು ನೆಲ್ಲುಹುಲ್ಲು ಮೂಸಿ ಮುಖ ತಿರುಗಿಸುತ್ತಿದ್ದವು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು.

“ಸಂತಿಗೆ ಹೊಡದ್ಬಿಡೂನು,” ಎಂದರು ಮಾವ.

“ಬೆಳಿಯೋ ಕೂಸನ್ನ ಹಸದಾಗ ಮಾರ್ತಾರೇನ್ರಿ?” ಎಂದರು ಅತ್ತೆ. “ ಒಂದು ವರ್ಷ ಕೊಡ್ರಿ. ಆಗಲೂ ಬಡಕಲಾಗಿದ್ರ ನೀವು ಹೇಳಿದಂಗ.”

ಅಂದಿನಿಂದ ಅತ್ತೆಯ ಪ್ರಯೋಗ ಶುರುವಾಯಿತು. ತೊಗರಿ ಹೊಟ್ಟು, ಜಾಲಿಕಾಯಿ, ಹುಣಸೆಬೀಜದ ನುಚ್ಚು, ಏನು ಸಿಕ್ಕರೂ ಮೊದಲು ತಮ್ಮ ಬಾಯಿಗೆ! ಚೆನ್ನಾಗಿ ಅಗಿದು, ಕಣ್ಣು ಮುಚ್ಚಿ ಯೋಚಿಸಿ, ಆಮೇಲೆ ತೀರ್ಪು. ನೆಲ್ಲುಹುಲ್ಲನ್ನು ಸಣ್ಣಗೆ ಕತ್ತರಿಸಿ ಬೆಲ್ಲ-ಉಪ್ಪಿನ ನೀರು ಚಿಮುಕಿಸಿ ಒಂದೆಳೆ ಅಗಿಯುತ್ತಿದ್ದಾಗ, ಕಾಲುವೆ ನೀರಿಗೆಂದು ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ರೈತನೊಬ್ಬ ದಾರಿಯಲ್ಲಿ ನಿಂತು, “ಏಂಟಮ್ಮಾ, ಗಡ್ಡಿ ತಿಂಟುನ್ನಾವಾ?” ಎಂದ. ಹುಲ್ಲು ತಿನ್ನುತ್ತಿದ್ದೀಯಾ ಎಂದು!

“ಹೂಂನಪ್ಪ,” ಎಂದರು ಅತ್ತೆ, “ನಿನಗೂ ಒಂದು ಹಿಡಿ ಹಾಕ್ಲೇನು?”

ಮದುವೆಮನೆಗೆ ಕರೆದೊಯ್ಯುವುದಂತೂ ಮಾನಗೇಡಿನ ಕೆಲಸ. ಒಮ್ಮೆ ಬೀಗರು ಪಂಕ್ತಿಯಲ್ಲಿ ಕೂತಿರುವಾಗಲೇ ಕರುಗಳಿಗೆಂದು ಹಂದರದ ಬಾಳೆಕಂಬ ಬಿಚ್ಚತೊಡಗಿದರು.

“ಅತ್ತಿ, ಬೀಗರು ಇನ್ನೂ ಉಣ್ಣಾಕತ್ತಾರ್ರಿ!” ಎಂದು ಸೆರಗು ಜಗ್ಗಿದೆ.

“ಉಣ್ಣಲೇಳು. ನಾ ಕಂಬ ಬಿಚ್ಚಾಕತ್ತೀನಿ, ಅವರ ಎಲಿ ಕಸ್ಗಂಡೀನೇನು?”

ವರ್ಷ ತುಂಬಿದಾಗ ಆ ಕರುಗಳ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಮಾವ ಅವುಗಳ ಬೆನ್ನು ಸವರಿ, “ಮಾರೋ ಮಾತು ಯಾರು ಆಡಿದ್ರು?” ಎಂದು ನಮ್ಮನ್ನೇ ಕೇಳಿದರು! ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಆ ದಿನಗಳಲ್ಲೇ ನನಗೆ ಮೂರು ತಿಂಗಳಾಗಿತ್ತು. ಏನು ತಿಂದರೂ ವಾಂತಿ. ಏನು ಬೇಕೆಂದು ಅತ್ತೆ ಕೇಳಿಯೇ ಕೇಳಿದರು. “ನಮ್ಮವ್ವ ಮಾಡೋ ಪುಂಡಿಪಲ್ಯ,” ಎಂದೆ. ಅವ್ವ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಮರುದಿನ ಮೊದಲ ಬಸ್ಸಿಗೆ ಹೋದ ಅತ್ತೆ ಹೊತ್ತು ಮುಳುಗುವಾಗ ಬಂದರು, ಕಾಲಿನ ತುಂಬ ಧೂಳು.

“ಎಲ್ಲಿಗ್ ಹೋಗಿದ್ರಿ?”

“ನಿಮ್ಮೂರಿಗೆ. ನಿಮ್ಮವ್ವ ಹೆಂಗ ಮಾಡ್ತಿದ್ಳಂತ ನಿಮ್ಮ ದೊಡ್ಡವ್ವನ್ನ ಕೇಳ್ಕೊಂಡ್ ಬಂದೆ.”

ಕಾಲು ತೊಳೆದವರೇ ಒಲೆ ಹಚ್ಚಿದರು. ಬಿಸಿ ರೊಟ್ಟಿಯ ಮೇಲೆ ಪಲ್ಯ ಹಾಕಿ ಎದುರಿಗೆ ಕುಳಿತರು. ಅಷ್ಟು ಧೈರ್ಯದ ಹೆಂಗಸಿನ ದನಿ ಮೊದಲ ಸಲ ಅಳುಕಿತ್ತು.

“ಆಕೀ ಕೈ ನನಗ ಬರಂಗಿಲ್ಲವ್ವ. ಏನ್ ಕಡಿಮಿ ಐತಿ ಹೇಳು.”

ಹುಳಿ ಹೆಚ್ಚಾಗಿತ್ತು. ಅವ್ವನ ಪಲ್ಯದಂತೆ ಖಂಡಿತ ಇರಲಿಲ್ಲ.

“ಏನೂ ಕಡಿಮಿ ಇಲ್ರಿ,” ಎಂದೆ. “ಇನ್ನೊಂದು ರೊಟ್ಟಿ ಹಾಕ್ರಿ.”