ಕವಿಯ ಊರಿನಲ್ಲಿ ಒಬ್ಬ ಮಾಜಿ ಅಳಿಯ

ಇಂಗ್ಲಿಷ್ ಮೀಡಿಯಂ ಸಾಲಿಯಲ್ಲಿ ಕಲಿತ ತಪ್ಪಿಗೆ ನನಗೆ ಇಂಥವು ಆಗುತ್ತಲೇ ಇರುತ್ತವೆ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ದವಾಖಾನಿಯ ಚೀಟಿ, ಮಿಕ್ಸರಿನ ಗ್ಯಾರಂಟಿ ಕಾರ್ಡು, ರೋಣದ ಕಚೇರಿಯಿಂದ ಬಂದ ನೋಟೀಸು, ಇಂಗ್ಲಿಷಿನಲ್ಲಿರುವುದೆಲ್ಲ ನನ್ನ ಮುಂದೆ ಬಂದು ಕೂರುತ್ತದೆ. ನನಗೆ ಇಂಗ್ಲಿಷ್ ಓದಲು ಬರುತ್ತದೆ. ಬಾಯಿಬಿಟ್ಟು ಮಾತಾಡಲು ಮಾತ್ರ ಯಾವ ಭಾಷೆಯಲ್ಲೂ ಬರುವುದಿಲ್ಲ, ನಾಚಿಕೆ. ಇದನ್ನು ಯಾರೂ ನಂಬುವುದಿಲ್ಲ. "ಟೈ ಕಟ್ಕೊಂಡು ಹೋಗ್ತಿದ್ದೆಲ್ಲ, ಈಗ ಬರಂಗಿಲ್ಲ ಅಂದ್ರ ಹ್ಯಾಂಗ?" ಅನ್ನುತ್ತಾರೆ.

ಹೋದ ವರ್ಷ ಐಸ್‌ಲ್ಯಾಂಡಿನ ಒಂದು ನೇಯ್ಗೆ ಶಾಲೆಯವರು ನಮ್ಮ ದೊಡ್ಡವ್ವನನ್ನು ಕರೆಸಿಕೊಂಡರು. ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ. ಕೈಮಗ್ಗದ ಮೇಲೆ ಆಕೆಯಂಥ ಸೆರಗು ನೇಯುವವರು ನಮ್ಮ ಕಡೆ ಕಡಿಮೆ. ಆಕೆಗೆ ಮಗ್ಗ ಬರುತ್ತದೆ, ನನಗೆ ಇಂಗ್ಲಿಷ್ ಬರುತ್ತದೆ ಎಂಬ ಅಂದಾಜಿನ ಮೇಲೆ ನನ್ನನ್ನು ದುಭಾಷಿಯಾಗಿ ಜೊತೆಗೆ ಕಳಿಸಿದರು.

ಹೊರಡುವ ಮುಂದೆ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ನರಗುಂದದ ಕಾಳಿನ ವ್ಯಾಪಾರಿಯೊಬ್ಬರ ಮಗ ಬಂದು ನನ್ನನ್ನು ನೋಡಿ ಹೋಗಿದ್ದ. ನನ್ನ ಜೊತೆ ಹತ್ತು ನಿಮಿಷ ಮಾತಾಡಿದ. ಒಂಬತ್ತು ನಿಮಿಷ ತನ್ನ ಹೊಸ ಬೈಕಿನ ಬಗ್ಗೆ. ಹತ್ತನೆಯ ನಿಮಿಷಕ್ಕೆ, ಬೈಕಿಗೆ ಬಿಸಿಲು ಬೀಳುತ್ತಿದೆ ಅಂತ ಎದ್ದು ಹೋದ. ಅವನು ಒಪ್ಪಿದ್ದ, ಅವನ ಮನೆಯವರು ಒಪ್ಪಿದ್ದರು, ಅಪ್ಪ ಒಪ್ಪಿದ್ದರು. ನಮ್ಮ ಮನೆಯಲ್ಲಿ ಕಡೆಯ ಮಾತು ದೊಡ್ಡವ್ವನದು. ಆಕೆ "ಬಂದ ಮ್ಯಾಲ ಹೇಳ್ತೀನಿ" ಅಂದು ವಿಮಾನ ಹತ್ತಿದ್ದಳು. ಒಲ್ಲೆ ಅನ್ನಬೇಕಾಗಿದ್ದ ನಾನೊಬ್ಬಳು ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಎಷ್ಟೊಂದು ಮನೆ!

ಒಂದು ರವಿವಾರ ನಮ್ಮನ್ನು ಒಬ್ಬ ಹಳೆಯ ಕವಿಯ ಊರಿಗೆ ಕರೆದೊಯ್ದರು. ಎಂಟುನೂರು ವರ್ಷದ ಹಿಂದೆ ಅಲ್ಲಿದ್ದನಂತೆ, ದೇವರ ಕತೆ, ರಾಜರ ಕತೆ ಬರೆದನಂತೆ. ಊರು ತೋರಿಸಲು ಬಂದವಳು ಬೆಳ್ಳನೆಯ ಕೂದಲಿನ, ಎತ್ತರದ ಒಬ್ಬ ಅಜ್ಜಿ.

ಎಲ್ಲ ಕೇಳಿ ದೊಡ್ಡವ್ವ ಅಂದಳು: "ಅದೇನ್ ದೊಡ್ಡದು? ನನ್ನ ತವರಮನಿ ಸವಡ್ಯಾಗ ಸಾವಿರ ವರ್ಷದ ಹಿಂದ ಒಬ್ಬಾಂವ ಕತಿ ಬರದಾನ. ಹೇಳ ಆಕಿಗಿ."

ಹೇಳಿದೆ. ಅಜ್ಜಿಗೆ ಭಾಳ ಖುಷಿಯಾಯಿತು. ಅವನ ಮನೆ ಇದೆಯೇ, ಎಲ್ಲಿದೆ ಅಂತ ಕೇಳಿದಳು.

"ಯಾರಿಗಿ ಗೊತ್ತವಾ? ಒಬ್ಬೊಬ್ರೂ ನಮ್ಮ ಹಿತ್ತಲದಾಗ ಇತ್ತು ಅಂತಾರ."

ಊರಿನ ಎಲ್ಲರ ಹಿತ್ತಲಲ್ಲೂ ಇತ್ತಂತೆ ಅಂದೆ. ಅಜ್ಜಿ ಗಂಭೀರವಾಗಿ ತಲೆಯಾಡಿಸಿದಳು. "ಓಹೋ, ನಮ್ಮವನಿಗಿಂತ ಶ್ರೀಮಂತ."

ಉರಿ ಇಲ್ಲದ ಹಂಡೆ

ಅಲ್ಲಿ ನೋಡುವಂಥದ್ದು ಅಂದರೆ ಕವಿ ಜಳಕ ಮಾಡುತ್ತಿದ್ದ ಒಂದು ಗುಂಡನೆಯ ಕಲ್ಲಿನ ಹೊಂಡ. ಸುತ್ತ ಹಿಮ, ಹೊಂಡದಲ್ಲಿ ಹಬೆಯಾಡುವ ನೀರು. ದೊಡ್ಡವ್ವ ಕೈ ಅದ್ದಿ ಬೆಚ್ಚಿಬಿದ್ದಳು.

"ಖರೇನ ಬಿಸಿ ಐತಲ್ಲ! ಉರಿ ಯಾರು ಹಾಕ್ತಾರ?"

"ಯಾರೂ ಹಾಕಂಗಿಲ್ಲ. ಭೂಮಿಯೊಳಗಿಂದ ಬರ್ತದಂತ."

"ಎಂಟ್ನೂರು ವರ್ಷದಿಂದ? ನನ್ನ ಸೊಸಿಗಿ ಒಂದು ದಿನ ಲಗೂ ಎದ್ದು ಹಂಡೆಕ್ಕ ಉರಿ ಹಾಕು ಅಂದ್ರ ತವರಿಗಿ ಫೋನ್ ಹಚ್ತಾಳ." ಆಕೆ ಆಗಲೇ ಚಪ್ಪಲಿ ಬಿಟ್ಟು ಸೀರೆ ನಿರಿಗೆ ಎತ್ತುತ್ತಿದ್ದಳು. "ಟವೆಲ್ ತಂದೀಯೇನು?"

ಅಜ್ಜಿ ಓಡಿ ಬಂದಳು. ಇದರಲ್ಲಿ ಇಳಿಯುವ ಹಾಗಿಲ್ಲ, ಕವಿ ಮಿಂದ ಜಾಗ, ಕಾಪಾಡಿ ಇಟ್ಟಿದ್ದೇವೆ ಅಂದಳು.

ದೊಡ್ಡವ್ವ ನಿರಿಗೆ ಇಳಿಬಿಟ್ಟಳು. "ನೋಡು ಇವರ ನ್ಯಾಯ! ಒಬ್ಬಾಂವ ಜಳಕ ಮಾಡ್ದ ಅಂತ ಊರಿಗೆಲ್ಲ ಜಳಕ ಬಂದ್ ಮಾಡ್ಯಾರ."

ತಿಥಿಯ ಮೊದಲ ಪಂಕ್ತಿ

ಹೊಂಡದಿಂದ ಸ್ವಲ್ಪ ದೂರ ಕವಿಯ ದೊಡ್ಡ ಮೂರ್ತಿ ಇದೆ. ಪಕ್ಕದ ದೇಶದವರು ಕೊಟ್ಟ ಕಾಣಿಕೆ. ಅಜ್ಜಿ ತಣ್ಣಗೆ ಹೇಳಿದಳು, ಕವಿಯನ್ನು ಮುಗಿಸಲು ಹೇಳಿ ಕಳಿಸಿದವನು ಅದೇ ದೇಶದ ರಾಜ.

ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟಳು. "ಭಾಳ ಚಲೋ ಆತು. ಕೊಲ್ಲಾಕ ಹೇಳಿದವರೂ ಇವರ, ಮೂರ್ತಿ ಕೆತ್ತಿಸಿದವರೂ ಇವರ. ತಿಥಿ ಊಟದಾಗ ಮೊದಲ ಪಂಕ್ತಿಗೂ ಇವರ ಕುಂತಿರಬೇಕು, ಇನ್ನೊಂದು ಹೋಳಿಗಿ ಹಾಕ್ರಿ ಅಂತ."

ಏನಂದರು ಅಂತ ಅಜ್ಜಿ ಕೇಳಿದಳು. ಹೋಳಿಗೆ, ಪಂಕ್ತಿ, ತಿಥಿ ಮೂರನ್ನೂ ಇಂಗ್ಲಿಷಿಗೆ ಎತ್ತುವ ಧೈರ್ಯ ನನಗಿರಲಿಲ್ಲ. "ತುಂಬ ಸುಂದರವಾಗಿದೆ ಅಂತಾರೆ" ಅಂದೆ.

ಅಜ್ಜಿ ದೊಡ್ಡವ್ವನ ಮುಖ ನೋಡಿದಳು, ಸೊಂಟದ ಮೇಲಿನ ಕೈ ನೋಡಿದಳು. "ನಿಮ್ಮ ಭಾಷೆಯಲ್ಲಿ ಸುಂದರ ಅನ್ನಲು ಇಷ್ಟು ಸಿಟ್ಟು ಬೇಕಾ?"

ಮಾಜಿ ಅಳಿಯ

ಹೊಂಡದ ಪಕ್ಕ ಗುಡ್ಡದಲ್ಲಿ ಒಂದು ಕುಳ್ಳ ಬಾಗಿಲಿದೆ. ಅಲ್ಲಿಂದ ಕವಿಯ ಮನೆಗೆ ಒಳದಾರಿ ಇತ್ತಂತೆ. ರಾತ್ರಿ ಮಂದಿ ನುಗ್ಗಿ, ನೆಲಮನೆಯಲ್ಲಿ ಅಡಗಿದ್ದ ಕವಿಯನ್ನು ಕೊಂದರು. ಅವರನ್ನು ಕರೆತಂದವನು ಕವಿಯ ಮಾಜಿ ಅಳಿಯ, ಅಂದಳು ಅಜ್ಜಿ. ಹಾಗೇ ಹೇಳಿದೆ.

"ಮಾಜಿ ಅಳಿಯ ಅಂದ್ರ?" ದೊಡ್ಡವ್ವನಿಗೆ ತಿಳಿಯಲಿಲ್ಲ. "ಮಾಜಿ ಶಾಸಕರು ಗೊತ್ತು, ಮಾಜಿ ಅಧ್ಯಕ್ಷರು ಗೊತ್ತು. ಅಳಿಯಗೂ ಎಲೆಕ್ಷನ್ ಐತೇನು?"

"ಮಗಳು ಅವನ್ನ ಬಿಟ್ಟು ಬಂದಿದ್ಲಂತ ದೊಡ್ಡವ್ವ."

"ಎಂಟ್ನೂರು ವರ್ಷದ ಹಿಂದ? ಯಾಕಂತ?"

"ಇಬ್ಬರಿಗೂ ಹೊಂದಿಕಿ ಆಗಲಿಲ್ಲಂತ."

"ಲಗ್ನಕ್ಕ ಮೊದಲ ಹುಡುಗಿಗಿ ಕೇಳಿದ್ರೇನು, ಕೇಳು."

ಕೇಳಿದೆ. ಅಜ್ಜಿ ನಕ್ಕಳು. ಆ ಕಾಲದಲ್ಲಿ ಯಾರು ಕೇಳುತ್ತಾರೆ ಅಂದಳು. ಅದನ್ನೂ ಹೇಳಿದೆ. ದೊಡ್ಡವ್ವ ಆ ಕುಳ್ಳ ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, "ನಿನಗ ಯಾರರ ಕೇಳ್ಯಾರೇನವಾ?" ಅಂದಳು.

ಬೆಳಗಿನಿಂದ ಆಕೆ ಕೇಳಿದ್ದನ್ನೆಲ್ಲ ಆ ಕಡೆ ದಾಟಿಸಿ ನನ್ನ ಬಾಯಿಗೆ ಅದೇ ರೂಢಿಯಾಗಿತ್ತು. ನಾನು ಅಜ್ಜಿಯ ಕಡೆ ತಿರುಗಿ, "ನಿಮ್ಮನ್ನು ಯಾರಾದರೂ ಕೇಳಿದ್ದಾರಾ ಅಂತ ಕೇಳ್ತಿದ್ದಾರೆ" ಅಂತ ಇಂಗ್ಲಿಷಿನಲ್ಲಿ ಅಂದೇಬಿಟ್ಟೆ.

ಅಜ್ಜಿ ಕೆಂಪಗಾದಳು. "ನನ್ನನ್ನಾ? ಯಾರೂ ಕೇಳಲಿಲ್ಲ. ಕೇಳಿದ್ದರೆ ಒಲ್ಲೆ ಅಂತಿದ್ದೆ."

ದುಭಾಷಿಯ ಬಾಯಲ್ಲಿ "ನಾನು" ಅಂದರೆ ದುಭಾಷಿ ಅಲ್ಲ. ಅಜ್ಜಿ ಹೇಗೆ ಹೇಳಿದಳೋ ಹಾಗೇ ದೊಡ್ಡವ್ವನಿಗೆ ಒಪ್ಪಿಸಿದೆ: "ನನಗ ಯಾರೂ ಕೇಳಿಲ್ಲ. ಕೇಳಿದ್ರ ಒಲ್ಲೆ ಅಂತಿದ್ದೆ."

ದೊಡ್ಡವ್ವ ನನ್ನ ಮುಖವನ್ನೇ ನೋಡಿದಳು. ಏನಾಯಿತು ಅಂತ ನನಗೆ ಆಗ ತಿಳಿಯಿತು. ಅದು ಆ ಅಜ್ಜಿಯ ಮಾತು ಅಂತ ತಿದ್ದಬಹುದಿತ್ತು. ತಿದ್ದಲಿಲ್ಲ. ಜೀವನದಲ್ಲಿ ನಾನು ಮಾಡಿದ ಅತಿ ಚಲೋ ಭಾಷಾಂತರ ಅದು.

ದೊಡ್ಡವ್ವ ನನ್ನ ಕೈಯಿಂದ ಫೋನ್ ಕಸಿದು ಅಲ್ಲಿಂದಲೇ ಅಪ್ಪನಿಗೆ ಹಚ್ಚಿದಳು. "ತಮ್ಮಾ, ನರಗುಂದದವರಿಗಿ ಬ್ಯಾಡ ಅಂತ ಹೇಳಿಬಿಡು."

ಆ ಕಡೆಯಿಂದ ಅಪ್ಪನ ದನಿ ನನಗೂ ಕೇಳಿಸಿತು. "ಯಾಕ್ರಿ ವೈನಿ? ಏನಾತು?"

"ಇಲ್ಲೊಬ್ಬಾಂವ ಹುಡುಗಿಗಿ ಕೇಳಲಾರದ ಲಗ್ನ ಮಾಡಿದ್ನಂತ. ಅಳಿಯ ಮಂದಿ ಕಟ್ಕೊಂಡು ಬಂದು ಮಾವನ್ನ ಕಡಿಸಿ ಹಾಕ್ಯಾನ."

"ಅಯ್ಯಯ್ಯ! ಯಾವಾಗ್ರಿ? ಪೊಲೀಸರು ಬಂದ್ರೇನು?"

"ಎಂಟ್ನೂರು ವರ್ಷ ಆತು."

"ಹಂಗಾರ ಅದಕ್ಕ ನೀವ್ಯಾಕ ಇಷ್ಟು ಗಾಬರಿ ಆಗ್ತೀರಿ ವೈನಿ?"

"ನನಗ್ಯಾಕ ಗಾಬರಿ?" ಅಂದಳು ದೊಡ್ಡವ್ವ. "ಸತ್ತಾಂವ ಹುಡುಗಿ ಅಪ್ಪ, ತಮ್ಮಾ. ದೊಡ್ಡವ್ವ ಅಲ್ಲ."