ಮಾವನವರ ಬಲಗಾಲು

ಅಳಿಯ ಹೊಸ ಕಾರು ತೋರಿಸಿ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಬ್ರೇಕಿನ ಗುಣಗಾನಕ್ಕೆ ಇಳಿದ.

"ಮಾವ, ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಬೇಕು ಅಂತ ಈ ಕಾರೇ ನೋಡ್ಕೊಂಡು ಹಂಚುತ್ತೆ. ಎಷ್ಟು ಜೋರಾಗಿ ಒತ್ತಿದ್ರೂ ಹಿಂದಿನ ಚಕ್ರ ಜಾರಲ್ಲ. ನಿಮ್ಮ ಕಾಲಿನ ಚಮತ್ಕಾರ ಇನ್ನು ಬೇಕಾಗಿಲ್ಲ!"

ಮೂವತ್ತೊಂದು ವರ್ಷ ಪತ್ರಿಕೆಯ ವ್ಯಾನು ಓಡಿಸಿದ್ದ ಮಾವನವರಿಗೆ ಆ ಮಾತು ಚುಚ್ಚಿತು. ಕಟ್ಟುಗಳನ್ನೆಲ್ಲ ಇಳಿಸಿ ಖಾಲಿ ಬರುವಾಗ ಬ್ರೇಕ್ ಒತ್ತಿದರೆ ಸಾಕು, ಆ ವ್ಯಾನು ಮುನಿಸಿಕೊಂಡ ಬೀಗರ ಹಾಗೆ ಬೆನ್ನು ತಿರುಗಿಸುತ್ತಿತ್ತು. ಒತ್ತಿ, ಬಿಟ್ಟು, ಮತ್ತೆ ಒತ್ತಿ ಅದನ್ನು ರಮಿಸುವ ವಿದ್ಯೆ ಅವರ ಬಲಗಾಲಿಗಷ್ಟೇ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಮಡಿಲಲ್ಲಿ ಮೊಟ್ಟೆಯ ಬುಟ್ಟಿ ಇಟ್ಟು ಮಳೆಯಲ್ಲೇ ಇಳಿಜಾರು ಇಳಿದಿದ್ದರು.

"ಒಂದೇ ಒಂದು ಮೊಟ್ಟೆ ಒಡೀಲಿಲ್ಲ!" ಎಂದರು.

"ಎರಡು ಒಡೀತು," ಒಳಗಿನಿಂದ ಹೆಂಡತಿಯ ದನಿ ಬಂತು. "ನನ್ನ ಹೊಸ ಸೀರೆ ಮೇಲೆ."

ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. "ಮಾತ್ಯಾಕೆ ಸಾರ್? ತೊಂದರೆ ಕೊಡೋದನ್ನ ಕಿತ್ತುಬಿಡ್ಬೇಕು. ಆಮೇಲೆ ಓಡಿಸಿ ತೋರಿಸಿ!"

ಊಟವಾಗಿ ಅಳಿಯ ಗೊರಕೆ ಹೊಡೆಯುತ್ತಿದ್ದಾಗ, ಬ್ರೇಕ್ ಹಂಚುವ ಆ ಯಂತ್ರದ ಫ್ಯೂಸು ಕೀಳಲು ಮಾವನವರೂ ಡಾಕ್ಟರೂ ಕಾರಿನ ಫ್ಯೂಸಿನ ಡಬ್ಬಿ ತೆರೆದರು. ಒಳಗಿನ ಗುರುತುಗಳು ಇರುವೆಯ ಮರಿಗಳಂತಿದ್ದವು. ಕನ್ನಡಕ ತರಲು ಹೋದರೆ ಹೆಂಡತಿಗೆ ಉತ್ತರ ಕೊಡಬೇಕು. "ಇದೇ ಇರ್ಬೇಕು," ಎಂದು ಡಾಕ್ಟರು ಅಲುಗುವ ಹಲ್ಲಿನಂತೆ ಒಂದನ್ನು ಕಿತ್ತೇಬಿಟ್ಟರು.

ಮುಚ್ಚಿದ ಕಾರ್ಖಾನೆಯ ಹಿಂದಿನ ಬಯಲಿಗೆ ಬೀದಿಗೆ ಬೀದಿಯೇ ಬಂತು. ನೆಲಕ್ಕೆ ನೀರು ಚೆಲ್ಲಿದರು, ಸುಣ್ಣದಲ್ಲಿ ಗೆರೆ ಎಳೆದರು. ಮಾವನವರು ವೇಗವಾಗಿ ಬಂದು ಬ್ರೇಕ್ ಒತ್ತಿದರು. ಕಾರು ನೂಲು ಹಿಡಿದಂತೆ ನೇರವಾಗಿ ಬಂದು ಗೆರೆಯ ಮೇಲೆ ನಿಂತಿತು. ಚಪ್ಪಾಳೆಯೋ ಚಪ್ಪಾಳೆ! ನಿವೃತ್ತಿಯಾದಾಗಿನಿಂದ ಚಪ್ಪಲಿ ಮೆಟ್ಟುವುದಕ್ಕಷ್ಟೇ ಇದ್ದ ಕಾಲು. ಅದಕ್ಕೆ ಎಲ್ಲವೂ ನೆನಪಿದೆ! ಅವರ ಕಣ್ಣು ಒದ್ದೆಯಾಯಿತು.

ಮನೆಯ ಗೇಟಿನ ಮುಂದೆ ಹೆಂಡತಿಯನ್ನು ಕರೆಯಲು ಠೀವಿಯಿಂದ ಹಾರ್ನ್ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಊಹೂಂ.

ಕನ್ನಡಕ ತಂದು ನೋಡಿದರೆ, ಖಾಲಿ ಜಾಗದ ಪಕ್ಕದಲ್ಲಿ ಹಾರ್ನಿನ ಚಿತ್ರ. ಬ್ರೇಕಿನ ಫ್ಯೂಸು ತನ್ನ ಜಾಗದಲ್ಲೇ ಹಾಯಾಗಿ ಕೂತಿತ್ತು. ಗೆರೆಯ ಮೇಲೆ ನಿಲ್ಲಿಸಿದ್ದು ಕಾಲಲ್ಲ, ಕಾರು.

ಸದ್ಯ, ಯಾರೂ ನೋಡಿಲ್ಲ. ಕಿತ್ತದ್ದನ್ನು ಮೆಲ್ಲಗೆ ಸಿಕ್ಕಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಡಾಕ್ಟರ ಕಾರು ಹೊರಗೆ ಬಂತು. ಹಿಂದಿನ ಸೀಟಿನಲ್ಲಿ ಡಾಕ್ಟರ ಹೆಂಡತಿ, ಇಬ್ಬರು ಮಕ್ಕಳು. ಸುತ್ತ ಬೀದಿಯ ಜನ.

"ಸಾರ್, ನಿಮ್ಮನ್ನ ನೋಡಿ ಧೈರ್ಯ ಬಂತು. ನನ್ನ ಕಾರಿಂದೂ ಕಿತ್ತೆ! ಈ ಸಲ ಭೂತಗನ್ನಡಿ ಹಿಡಿದು ನೋಡಿ, ಸರಿಯಾಗಿ ಬ್ರೇಕಿಂದೇ ಕಿತ್ತಿದ್ದೀನಿ. ಬೆಟ್ಟಕ್ಕೆ ಹೋಗಿ ಬರ್ತೀವಿ!"

ಮಾವನವರು ಒಮ್ಮೆ ಜನರನ್ನು ನೋಡಿದರು, ಒಮ್ಮೆ ಮಕ್ಕಳನ್ನು. ಆಮೇಲೆ ಎರಡೂ ಕೈ ಚಾಚಿ ಕಾರಿಗೆ ಅಡ್ಡ ನಿಂತರು.

"ಇಳೀರಿ ಡಾಕ್ಟ್ರೇ," ಎಂದರು, ಬೀದಿಗೆಲ್ಲ ಕೇಳುವಂತೆ. "ನಾವು ಕಿತ್ತಿದ್ದು ಹಾರ್ನು."