ನಮ್ಮ ಕಾರಿನ ಬಿಸಿ ಉಸಿರು

ಕೆಲವರ ಮನೆಗೆ ನೆಂಟರು ಹೇಳದೆ ಬರುತ್ತಾರೆ. ನಮ್ಮ ಮನೆಗೆ ಪ್ರಸಂಗಗಳು ಹಾಗೆ ಬರುತ್ತವೆ. ಬಂದದ್ದನ್ನೆಲ್ಲ ನಾನು ಬರೆದಿಡುತ್ತೇನೆ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮಾಡಿದ ಮೊದಲ ಹೆಂಗಸು ನಾನು. ಇದನ್ನು ಅಗತ್ಯ ಬಿದ್ದಾಗ ಮಾತ್ರ ಹೇಳುತ್ತೇನೆ. ಅಗತ್ಯ ಆಗಾಗ ಬೀಳುತ್ತದೆ. ಶಿರಸಿ ಹತ್ತಿರ, ಇಸಳೂರಿನ ನಮ್ಮ ಮನೆಯಲ್ಲಿ ಮಳೆಗೊಂದು, ಔಷಧಕ್ಕೊಂದು, ಕಾರಿಗೊಂದು ವಹಿ ಇದೆ. ಕಾರಿನ ವಹಿಯಲ್ಲಿ ದಿನ, ಹೋದ ಊರು, ಓಡಿದ ದೂರ, ಕೊನೆಗೆ ಷರಾ. ಷರಾದ ಅಂಕಣ ಎರಡು ಬೆರಳಿನಷ್ಟೇ ಅಗಲ. ಬರೆಯುವವರು ಹರಟೆ ಹೊಡೆಯಬಾರದೆಂದು ನಾನೇ ಹಾಗೆ ಗೆರೆ ಎಳೆದಿದ್ದೇನೆ. ಇಲ್ಲಿರುವುದೆಲ್ಲ ಆ ವಹಿಯಿಂದ ಎತ್ತಿದ್ದು.

ಸೀಟಿದೆ

ನಮ್ಮದು ಡೀಸೆಲ್ ಟರ್ಬೊ ಕಾರು, ಆರು ವರ್ಷದ್ದು. ಓಡಿಸುವುದು ನಾನೇ. ಯಜಮಾನರು ಪಕ್ಕದಲ್ಲಿ ಕೂತು ಕಾಲಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಾರೆ. ಈ ಏರ್ಪಾಡು ಹಿಂದಿನ ಕಾರಿನ ಕಾಲದಿಂದಲೂ, ಹತ್ತು ವರ್ಷದಿಂದ ಚೆನ್ನಾಗಿ ನಡೆದುಕೊಂಡು ಬಂದಿತ್ತು.

ಈ ಮಳೆಗಾಲದಿಂದ ಕಾರಿಗೆ ಏನೋ ಆಯಿತು. ಸಪಾಟು ರಸ್ತೆಯಲ್ಲಿ ಸರಿಯಾಗಿ ಓಡುತ್ತಿತ್ತು. ಏರು ಬಂತೆಂದರೆ ಮುನಿಸು. ಮಳೆ ನಿಂತ ಮೇಲೆ ಒಂದು ದಿನ ಕುಮಟಾದಿಂದ ವಾಪಸು ಬರುವಾಗ ದೇವಿಮನೆ ಘಟ್ಟದಲ್ಲಿ ನಮ್ಮನ್ನು ಮೊದಲು ಒಂದು ಲಾರಿ ದಾಟಿತು. ಆಮೇಲೆ ಬಾಳೆಗೊನೆ ತುಂಬಿದ ಗೂಡ್ಸ್ ರಿಕ್ಷಾ. ಹಿಂದಿನಿಂದ ಬಂದ ಬಸ್ಸು ನಮ್ಮ ಪಕ್ಕಕ್ಕೆ ಬಂದು ನಿಧಾನ ಮಾಡಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, ಬಹಳ ಕಾಳಜಿಯಿಂದ ಕೇಳಿದ:

“ಅಮ್ಮಾ, ಶಿರಸಿಗಾ? ಬನ್ನಿ, ಸೀಟಿದೆ.”

ನಾನು ಮುಖ ತಿರುಗಿಸಿದೆ. ಅಷ್ಟರಲ್ಲಿ ಯಜಮಾನರ ಕೈ ಬಾಗಿಲಿನ ಹಿಡಿಕೆಗೆ ಹೋಗಿದ್ದನ್ನು ನಾನು ನೋಡಿಬಿಟ್ಟೆ.

ಮನೆಗೆ ಬಂದು ಅವರು ತೀರ್ಪು ಕೊಟ್ಟರು. “ಕಾರಿಗೆ ಎಂತದೂ ಆಯ್ದಿಲ್ಲೆ. ನೀ ಗೇರು ಹಾಕ ರೀತಿನೇ ತಪ್ಪು. ದೀಪಾವಳಿವರೆಗೆ ನೋಡನ. ಅಷ್ಟ್ರೊಳಗೆ ಘಟ್ಟ ಸಮಾ ಹತ್ತದೇ ಇದ್ರೆ ಒಬ್ಬ ಡ್ರೈವರ್ ಇಟ್ಕಂಬದು. ನೀ ಹಿಂದೆ ಆರಾಮಾಗಿ ಕೂತ್ಗ.”

ಡ್ರೈವರನ್ನೂ ಅವರು ಆಗಲೇ ಆರಿಸಿಟ್ಟಿದ್ದರು: ನಮ್ಮ ಕೇರಿಯ ನಿವೃತ್ತ ಬಸ್ ಚಾಲಕರು. ಮರುದಿನ ಬೆಳಿಗ್ಗೆ ಅವರು ಗೇಟಿನ ಹತ್ತಿರ ನಿಂತು, ಮದುವೆಗೆ ಹುಡುಗಿ ನೋಡಲು ಬಂದವರಂತೆ ನಮ್ಮ ಕಾರನ್ನು ನೋಡಿಕೊಂಡು ಹೋದರು. ಚಹಾ ಕೊಡಲಿಲ್ಲ ನಾನು.

ವಯಸ್ಸಿನ ಮಾತು

ತಪ್ಪು ನನ್ನದಲ್ಲ, ಕಾರಿನದು ಎಂದು ಸಾಬೀತು ಮಾಡಬೇಕಿತ್ತು. ಅದಕ್ಕೆ ವಹಿ ಕಂಕುಳಲ್ಲಿಟ್ಟುಕೊಂಡು ಶಿರಸಿಯ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಹಾವೇರಿ ಕಡೆಯವನು, ಮಾತಿನಲ್ಲಿ ಮರ್ಯಾದೆ ಬಹಳ. ಪುಟ್ಟ ಯಂತ್ರವೊಂದನ್ನು ಕಾರಿಗೆ ಚುಚ್ಚಿ, ನನ್ನನ್ನೇ ಓಡಿಸಲು ಹೇಳಿ, ಪಕ್ಕದಲ್ಲಿ ಕೂತು ಊರ ಹೊರಗಿನ ಏರು ಹತ್ತಿಸಿದ. ಯಂತ್ರದ ಪರದೆ ನೋಡಿ ತಲೆಯಾಡಿಸಿದ.

“ನಿಮ್ಮ ಡ್ರೈವಿಂಗ್ ಬರೋಬ್ಬರಿ ಐತ್ರಿ ಅಮ್ಮಾರ. ಇಂಜಿನ್ ಒಳಗ ಹೋಗೋ ಗಾಳಿನೇ ಬಿಸಿ ಐತಿ. ಟರ್ಬೊ ಗಾಳಿನ ಒತ್ತಿ ಕಳಸ್ತೈತ್ರಿ. ಒತ್ತಿದ್ದಕ್ಕ ಅದು ಬಿಸಿ ಆಗ್ತೈತಿ…”

“ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ,” ಎಂದೆ. ಅಗತ್ಯ ಬಿದ್ದಿದ್ದರಿಂದ ಬಿ.ಎಸ್ಸಿ.ಯ ವಿಷಯವನ್ನೂ ಹೇಳಿದೆ.

“ಹೌದ್ರಿ. ಆ ಬಿಸಿ ಗಾಳಿನ ತಣ್ಣಗ ಮಾಡಾಕ ಮುಂದ, ಬಂಪರ್ ಹಿಂದ, ಇಂಟರ್‌ಕೂಲರ್ ಅಂತ ಇರ್ತೈತಿ. ರೇಡಿಯೇಟರ್ ಇದ್ದಂಗ, ಜಾಲರಿ ಜಾಲರಿ. ಅದು ಕೆಲಸ ಮಾಡವಲ್ದು. ಬ್ಯಾರೆ ದೊಡ್ಡದು ಹಾಕೂಣ್ರಿ.”

“ಈಗಿರುವುದನ್ನು ಒಮ್ಮೆ ಬಿಚ್ಚಿ ನೋಡಬಹುದಲ್ಲ?”

“ಬಂಪರ್ ಬಿಚ್ಚೂದು ಅರ್ಧ ದಿನದ ಕೆಲಸ್ರಿ. ಹೊಸಾದು ಹಾಕೂ ಮುಂದ ಹೆಂಗೂ ಬಿಚ್ತೀವಲ್ರಿ,” ಎಂದ. ಬಗ್ಗಿ ಬಂಪರಿನ ಕೆಳಗಿನ ಸೀಳಿನಲ್ಲಿ ಇಣುಕಿದ. “ಬರೇ ಕೆಂಪು ಮಣ್ಣು ಕಾಣ್ತೈತಿ. ತೊಳದು ನೋಡ್ತೇನಿ ತಡೀರಿ.” ಪೈಪು ಹಿಡಿದು ಜೋರಾಗಿ ನೀರು ಹೊಡೆದ. ಒಳಗೆ ಹೋದ ನೀರು ಅಷ್ಟೇ ಜೋರಾಗಿ ವಾಪಸು ಬಂದು ಅವನ ಮುಖಕ್ಕೇ ಬಡಿಯಿತು.

ಮುಖ ಒರೆಸಿಕೊಳ್ಳುತ್ತ ಹೇಳಿದ: “ನೋಡಿದ್ರೆಲ್ರಿ, ಎಷ್ಟ್ ಗಟ್ಟಿ ಕೂತೈತಿ ಮಣ್ಣು! ಹೊರಗಿಂದ ಚಂದ ಕಾಣ್ತೈತಿ ಖರೆ, ಒಳಗ ವಯಸ್ಸಾಗೇತ್ರಿ.”

ಗ್ಯಾರೇಜಿಗೆ ಆಗಷ್ಟೇ ಬಂದು ತಲುಪಿದ್ದ ಯಜಮಾನರ ಕಿವಿಗೆ ಬಿದ್ದದ್ದು ಈ ಕೊನೆಯ ವಾಕ್ಯ ಮಾತ್ರ. ಅವರು ನನ್ನ ಕಡೆ ನೋಡಿ, “ಆನೂ ಅದನ್ನೇ ಹೇಳಿದ್ದು,” ಎಂದರು.

ನಾಲ್ಕನೆಯ ಲೋಟ

ಇಂಟರ್‌ಕೂಲರಿನಲ್ಲಿ ಎರಡು ಜಾತಿ ಎಂದು ಮೆಕ್ಯಾನಿಕ್ ತಿಳಿಸಿದ್ದ. ಒಂದು, ಹೊರಗಿನ ಗಾಳಿ ಬಡಿದು ತಂಪಾಗುವುದು. ಇನ್ನೊಂದು, ನೀರಿನಿಂದ ತಂಪಾಗುವುದು. ಅದಕ್ಕೆ ಬೇರೆ ಪಂಪು, ಬೇರೆ ತೊಟ್ಟಿ ಬೇಕು. ಯಾವುದು ಒಳ್ಳೆಯದು ಎಂದು ಕೇಳಿದರೆ, “ನೀವು ಹ್ಯಾಂಗಂತೀರಿ ಹಂಗ,” ಎಂದ. ನನ್ನನ್ನು ಕೇಳಿದವರಿಗೆ ನಾನು ಹಾಗೇ ಬಾಯಿಗೆ ಬಂದದ್ದು ಹೇಳುವವಳಲ್ಲ.

ಅಡುಗೆಮನೆಯಲ್ಲಿ ಪ್ರಯೋಗ ಏರ್ಪಡಿಸಿದೆ. ಹೆಪ್ಪು ಹಾಕುವಾಗ ಹಾಲಿನ ಬಿಸಿ ನೋಡಲು ನಾನೊಂದು ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಒಂದು ಲೋಟ ಬಿಸಿ ಕಷಾಯವನ್ನು ಫ್ಯಾನಿನ ಕೆಳಗಿಟ್ಟೆ, ಇನ್ನೊಂದನ್ನು ನೀರು ತುಂಬಿದ ಬೋಗುಣಿಯಲ್ಲಿ. ಎರಡೆರಡು ನಿಮಿಷಕ್ಕೆ ಬರೆದುಕೊಂಡೆ. ನೀರು ಗೆದ್ದಿತು, ಅದೂ ಸುಲಭವಾಗಿ. ಆದರೆ ಘಟ್ಟ ಎರಡು ನಿಮಿಷದ್ದಲ್ಲವಲ್ಲ. ಅದೇ ಬೋಗುಣಿಯ ನೀರಿಗೆ ಮತ್ತೊಂದು ಬಿಸಿ ಲೋಟ ಇಟ್ಟೆ, ತಂಪಾಗುವುದು ನಿಧಾನವಾಯಿತು. ಮೂರನೆಯದನ್ನು ಇಡುವ ಹೊತ್ತಿಗೆ ಬೋಗುಣಿಯ ನೀರೇ ಕೈ ತೊಳೆಯುವಷ್ಟು ಬೆಚ್ಚಗಾಗಿತ್ತು. ಫ್ಯಾನು ಮಾತ್ರ ಮೊದಲ ಲೋಟಕ್ಕೆ ಮಾಡಿದ್ದನ್ನೇ ಎಲ್ಲ ಲೋಟಕ್ಕೂ ಮಾಡುತ್ತಿತ್ತು.

ಉದ್ದದ ಏರಿಗೆ ಗಾಳಿಯದೇ ಲೇಸು, ಕಾದ ನೀರನ್ನು ಮತ್ತೆ ತಣಿಸುವ ಗೋಜಿಲ್ಲ ಎಂದು ತೀರ್ಮಾನಿಸಿ, ಖಚಿತಪಡಿಸಿಕೊಳ್ಳಲು ನಾಲ್ಕನೆಯ ಲೋಟ ಫ್ಯಾನಿನಡಿ ಇಟ್ಟು ಗಡಿಯಾರ ನೋಡಲು ತಿರುಗಿದೆ. ತಿರುಗಿ ಬರುವಷ್ಟರಲ್ಲಿ ಲೋಟ ಖಾಲಿ.

“ಬೆಲ್ಲ ಸ್ವಲ್ಪ ಕಮ್ಮಿ ಆಯ್ದು,” ಎಂದರು ಯಜಮಾನರು, ಮೀಸೆ ಒರೆಸಿಕೊಳ್ಳುತ್ತ.

ವಹಿಯಲ್ಲಿ ಈಗಲೂ ಇದೆ: ನಾಲ್ಕನೆಯ ಲೋಟ. ತಾಪಮಾನ ತಿಳಿದಿಲ್ಲ. ರುಚಿ ತಿಳಿದಿದೆ.

ಲಾವಂಚ

ಹೊಸ ಇಂಟರ್‌ಕೂಲರ್ ಬರಲು ಎಂಟು ದಿನ ಎಂದ ಮೆಕ್ಯಾನಿಕ್. ದೀಪಾವಳಿ ಹತ್ತಿರ ಬರುತ್ತಿತ್ತು. ಕೇರಿಯ ಆ ಚಾಲಕರು ದಿನಕ್ಕೊಮ್ಮೆ, “ಎಂದಿನಿಂದ ಬರಲಿ?” ಎಂದು ಕೇಳಿಕೊಂಡು ಹೋಗುತ್ತಿದ್ದರು.

ಈ ನಡುವೆ ಯಲ್ಲಾಪುರದ ಕಡೆ, ಉಮ್ಮಚಗಿಯಲ್ಲಿರುವ ಅತ್ತಿಗೆಯ ಮನೆಗೆ ಹೋಗಿದ್ದೆವು. ಯಜಮಾನರ ಅಕ್ಕ ಅವರು. ಓದಿದ್ದು ನಾಲ್ಕನೆಯ ಇಯತ್ತೆ, ಸಲಹೆ ಕೊಡುವುದರಲ್ಲಿ ಎಂ.ಎ. ನಾನು ಇಂಟರ್‌ಕೂಲರಿನ ತತ್ತ್ವವನ್ನು ಗಾಳಿ, ಒತ್ತಡ, ಉಷ್ಣ ಎಂದು ಬಿಡಿಸಿ ಹೇಳಿದೆ. ಅವರು ಅವಲಕ್ಕಿ ಕಲಸುವುದನ್ನು ನಿಲ್ಲಿಸದೆ ಕೇಳಿ, “ಇಷ್ಟೇ ಅಲ್ದನೇ ತಂಗಿ? ಅದ್ಕೆ ಸೆಕೆ ಆಯ್ದು. ಲಾವಂಚದ ತಟ್ಟಿ ಒದ್ದೆ ಮಾಡಿ ಮುಂದೆ ಕಟ್ಟಿರೆ ಆತು,” ಎಂದರು.

ನಗು ಬಂತು. ಆಮೇಲೆ ಯೋಚಿಸಿದರೆ, ಒದ್ದೆ ತಟ್ಟಿಯಿಂದ ಗಾಳಿ ತಂಪಾಗುವುದು ಭೌತಶಾಸ್ತ್ರಕ್ಕೆ ವಿರುದ್ಧವೇನಲ್ಲ. ನನಗೆ ಮೊಣಕಾಲು ಮಡಚಿ ನೆಲದಲ್ಲಿ ಕೂರಲಾಗದ್ದರಿಂದ ಅತ್ತಿಗೆಯೇ ಕೂತು ಬಂಪರಿನ ಸೀಳಿಗೆ ತಟ್ಟಿ ಕಟ್ಟಿದರು. ಕಟ್ಟುವಾಗ ಒಳಗೆ ಬೆರಳು ಹಾಕಿ, “ಇದೆಂತದೇ, ಒಳಗೆ ಪರಪರ ಹೇಳ್ತು?” ಎಂದರು.

“ಒಣಗಿದ ಎಲೆ ಇರಬೇಕು ಅತ್ತಿಗೆ,” ಎಂದೆ. ವಿಜ್ಞಾನ ಗೊತ್ತಿರುವವರು ಪರಪರ ಸದ್ದಿಗೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ.

ವಾಪಸು ಬರುವಾಗ ಮೊದಲ ಏರಿನಲ್ಲೇ ಕಾರು ಎಂದಿನಂತೆ ಉಸಿರು ಬಿಟ್ಟಿತು. ಹಿಂದಿನ ಬೈಕಿನವನು ಪಕ್ಕಕ್ಕೆ ಬಂದ. ಏನೋ ಅನ್ನುತ್ತಾನೆಂದು ನಾನು ಸಿದ್ಧಳಾದೆ. ಅವನು ಮೂಗು ಅರಳಿಸಿ, “ಅಕ್ಕಾ, ಯಾವ ಊದುಬತ್ತಿ ಇದು?” ಎಂದ.

ಷರಾ: ಏರಿನಲ್ಲಿ ಕಾರು ಸೋತಿತು. ಆದರೆ ಬಹಳ ಪರಿಮಳದಿಂದ ಸೋತಿತು.

ಬಂಪರ್ ಬಿಚ್ಚಿದ ದಿನ

ದೀಪಾವಳಿಗೆ ಮೂರು ದಿನವಿರುವಾಗ ಹೊಸ ಇಂಟರ್‌ಕೂಲರ್ ಬಂತು. ಗಾಳಿಯದು, ದೊಡ್ಡದು, ನನ್ನ ಆಯ್ಕೆಯದು. ಗ್ಯಾರೇಜಿಗೆ ಯಜಮಾನರೂ ಬಂದರು. ಸಿದ್ದಾಪುರ ತಾಲೂಕಿನ ಹೇರೂರಿನಿಂದ ನನ್ನ ತಮ್ಮನೂ ಬಂದ. ಅದು ನನ್ನ ತವರು. ಪೇಟೆಯಲ್ಲಿ ಹಗ್ಗ ಕೊಳ್ಳಲೆಂದು ಅವನು ತೋಟದ ಕೊನೆಗೌಡನನ್ನೂ ಜೀಪಿನಲ್ಲಿ ಕರೆತಂದಿದ್ದ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವುದು, ಮಳೆಗಾಲಕ್ಕೆ ಮೊದಲು ಆ ಗೊನೆಗಳಿಗೆ ಕೊಳೆರೋಗ ಬರದ ಹಾಗೆ ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟುವುದು ಅವನ ಕೆಲಸ. ಅವನ ಗಂಟು ಬಿಚ್ಚಬೇಕಾದರೆ ಅವನೇ ಬರಬೇಕು.

“ಅಕ್ಕಾ, ಇವತ್ತಿಗೆ ಭಾವನ ಬಾಯಿ ಬಂದ್,” ಎಂದ ತಮ್ಮ. ನಾನು ಸುಮ್ಮನೆ ವಹಿ ಸವರಿದೆ.

ಮೆಕ್ಯಾನಿಕ್ ಬಂಪರ್ ಕಳಚಿದ. ಕಳಚಿದವನು ಹಾಗೇ ಕೂತ.

“ಅಮ್ಮಾರ,” ಎಂದ ಅವನು ಮೆಲ್ಲಗೆ, “ಇದು ಕಂಪನಿಯವ್ರು ಹಾಕಿದ್ದಲ್ರಿ.”

ಇಂಟರ್‌ಕೂಲರಿನ ಮುಖಕ್ಕೆ ಈ ತುದಿಯಿಂದ ಆ ತುದಿಗೆ, ಒಂದು ನೊಣವೂ ನುಸುಳದಂತೆ, ದಪ್ಪ ಪ್ಲಾಸ್ಟಿಕ್ ಬಿಗಿದು ಕಟ್ಟಿತ್ತು. ಮೇಲೆ ನಾಲ್ಕು ತಿಂಗಳ ಕೆಂಪು ಕೆಸರು. ಗುಂಪಿನ ಹಿಂದಿನಿಂದ ಕೊನೆಗೌಡ ಮುಂದೆ ಬಂದ. ಬಗ್ಗಿದ, ಗಂಟು ಮುಟ್ಟಿದ. ಮುಖ ಅರಳಿತು.

“ನಂದೇ ಕೊಟ್ಟೆ! ಇಡೀ ಮಳೆಗಾಲ ಹೋದ್ರೂ ಒಂಚೂರು ಸಡ್ಲ ಆಗ್ಲಿಲ್ಲ, ನೋಡಿ ಅಮ್ಮಾ!”

ಆಗ ನನಗೆ ನೆನಪಾಯಿತು. ಜೂನಿನಲ್ಲಿ ತವರಿಗೆ ಹೋದಾಗ ತೋಟದಲ್ಲಿ ಕೊಟ್ಟೆ ಕಟ್ಟುತ್ತಿದ್ದರು. ಬಂಪರಿನ ಸೀಳಿನಲ್ಲಿ ಕಾಣುವ ಜಾಲರಿ ಎ.ಸಿ.ಯದು ಎಂದುಕೊಂಡಿದ್ದೆ ನಾನು. ಮಳೆಗಾಲದಲ್ಲಿ ಎ.ಸಿ. ಯಾರಿಗೆ ಬೇಕು? ಸುಮ್ಮನೆ ಕೆಸರು ಹೊಡೆಸಿಕೊಂಡು ಹಾಳಾಗುವ ಬದಲು ಮುಚ್ಚಿಸಿಡೋಣ ಎನಿಸಿತು. ಮರ ಹತ್ತುವವನನ್ನು ಕಾರಿನ ಅಡಿಗೆ ತೂರಿಸಿದ್ದೆ.

“ವಹಿ ಕೊಡು ನೋಡನ,” ಎಂದರು ಯಜಮಾನರು.

ಇಷ್ಟು ವರ್ಷದಲ್ಲಿ ಅವರು ನನ್ನ ವಹಿ ಕೇಳಿದ್ದು ಅದೇ ಮೊದಲು. ಕೊಡದೆ ಗತಿಯಿರಲಿಲ್ಲ. ಕನ್ನಡಕ ಏರಿಸಿ, ಜೂನಿನ ಪುಟ ತೆಗೆದು, ಇಡೀ ಗ್ಯಾರೇಜಿಗೆ ಕೇಳುವಂತೆ ಓದಿದರು:

“ಹೇರೂರು. ಕಾರಿನ ಎ.ಸಿ. ಜಾಲರಿಗೆ ಕೊಟ್ಟೆ ಕಟ್ಟಿಸಿದೆ. ಕೆಲಸ ಅಚ್ಚುಕಟ್ಟು.”

ಪುಟ ಮಡಚುತ್ತಾರೆಂದುಕೊಂಡೆ. ಮಡಚಲಿಲ್ಲ. ಅದರ ಕೆಳಗಿನ ಸಾಲನ್ನೂ ಓದಿದರು:

“ಅದೇ ದಿನ, ವಾಪಸು ಇಸಳೂರು. ಏರಿನಲ್ಲಿ ಕಾರು ಜಗ್ಗುತ್ತಿಲ್ಲ. ಕಾರಣ ತಿಳಿಯದು.”

ಮೆಕ್ಯಾನಿಕ್ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದ. ತಮ್ಮ ಜೀಪಿನ ಹಿಂದೆ ಹೋಗಿ ನಕ್ಕು ಬಂದ. ಕೊನೆಗೌಡ ಮಾತ್ರ ತನ್ನ ಗಂಟನ್ನು ತಾನೇ ಬಿಚ್ಚಿ, ಕೊಟ್ಟೆ ಸರಿಸಿ, ಒಳಗೆ ಹೊಸದರಂತೆ ಹೊಳೆಯುತ್ತಿದ್ದ ಇಂಟರ್‌ಕೂಲರನ್ನು ಎಲ್ಲರಿಗೂ ತೋರಿಸಿದ.

“ಕೊಳೆ ಬರ್ಲಿಲ್ಲ ನೋಡಿ!”

ಹೊಸದನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ಹಳೆಯದಕ್ಕೇ ಬಂಪರ್ ಹಾಕಿಸಿಕೊಂಡು, ಮರುದಿನ ಬೆಳಿಗ್ಗೆ ಯಜಮಾನರನ್ನು ಕೂರಿಸಿಕೊಂಡು ಘಟ್ಟ ಇಳಿದೆ. ಕೆಳಗೆ ಕಾರು ತಿರುಗಿಸಿ ಮತ್ತೆ ಹತ್ತಿಸಿದೆ. ಮೂರನೆಯ ಗೇರಿನಲ್ಲಿ ಲಾರಿಯನ್ನು ದಾಟಿದೆ, ಬಾಳೆಗೊನೆಯ ರಿಕ್ಷಾವನ್ನು ದಾಟಿದೆ. ಬಸ್ಸೊಂದು ಸಿಕ್ಕಿತು, ಬಾಗಿಲಲ್ಲಿ ಅದೇ ಕಂಡಕ್ಟರು. ಗಾಜು ಇಳಿಸಿ, “ಶಿರಸಿಗಾ? ಸೀಟಿದೆ,” ಎಂದು ಕೇಳುವ ಆಸೆಯಿತ್ತು. ಗಾಜು ಇಳಿಯುವಷ್ಟರಲ್ಲಿ ಬಸ್ಸು ಹಿಂದೆ ಬಿದ್ದಾಗಿತ್ತು.

ಯಜಮಾನರು ಅಂದು ಇಲ್ಲದ ಬ್ರೇಕನ್ನು ಒಮ್ಮೆಯೂ ಒತ್ತಲಿಲ್ಲ. ದೇವಿಮನೆಯ ತುದಿ ತಲುಪಿದಾಗ, “ಆ ಡ್ರೈವರಿಗೆ ಬಪ್ಪದು ಬ್ಯಾಡ ಹೇಳಿ ಆನೇ ಹೇಳ್ತಿ,” ಎಂದರು. ಇಷ್ಟು ಹೇಳಿದ್ದು ಸಾಲದೆಂದೋ ಏನೋ, ನನ್ನ ವಹಿ ತೆಗೆದು, ನನ್ನ ಪೆನ್ನಿನಿಂದಲೇ ಷರಾ ಬರೆದು ನನ್ನ ಮುಂದೆ ಹಿಡಿದರು. ಅಂಕಣ ಎರಡೇ ಬೆರಳಿನ ಅಗಲದ್ದಲ್ಲವೇ? ಅಕ್ಷರ ಸಣ್ಣದು ಮಾಡಿ ತುಂಬಿಸಿದ್ದರು:

“ಘಟ್ಟ ಹತ್ತಿತು. ಓಡಿಸಿದವಳಲ್ಲಿ ತಪ್ಪಿಲ್ಲ. ಕಟ್ಟಿದವನಲ್ಲಿ ತಪ್ಪಿಲ್ಲ. ಕಟ್ಟಿಸಿದವರ ಬಗ್ಗೆ ಬರೆಯಲು ಜಾಗ ಸಾಲಲಿಲ್ಲ.”